ಶೇಂಗಾ ಬೇಡ ಎಂದವಳು ನಾನು

ಎರಡು ತಿಂಗಳ ಹಿಂದೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಅಷ್ಟೂ ಜನರ ಎದುರು, ನನ್ನ ತಂಗಿ ಶೈಲಾ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

"ಯಕ್ಕಾ, ನೀ ಮೊದಲ ಹೇಳಿದ್ದಿ, ಶೇಂಗಾ ಕೊಡಬ್ಯಾಡ ಅಂತ. ನಿನ್ನ ಮಾತ ಖರೆ ಆತು ನೋಡು."

ಒಳಗೆ ಅವಳ ಮೂರು ವರ್ಷದ ಮಗ ಸಮರ್ಥ ಮಲಗಿದ್ದ. ಮೂಗಿಗೆ ಆಕ್ಸಿಜನ್. ಮುಖ ಊದಿ ಕಣ್ಣೇ ಮುಚ್ಚಿಹೋಗಿದ್ದವು. ಪಕ್ಕದ ಮನೆಯ ಬರ್ತ್‌ಡೇಯಲ್ಲಿ ಯಾರೋ ಕೈಗಿಟ್ಟ ಶೇಂಗಾ ಚಿಕ್ಕಿ ತಿಂದಿದ್ದ. ಒಂದೇ ಚೂರು. ಹತ್ತು ನಿಮಿಷದಲ್ಲಿ ಮೈತುಂಬ ದದ್ದು, ವಾಂತಿ, ಆಮೇಲೆ ಉಸಿರಿನಲ್ಲಿ ಸಿಳ್ಳೆ. ಆಟೊ ಸಿಗ್ನಲ್ಲಿನಲ್ಲಿ ನಿಂತಾಗ ಅವನ ತುಟಿ ನೀಲಿಯಾಗುವುದನ್ನು ನಾನೇ ನೋಡಿದೆ. ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಹುಡುಗ ಉಳಿದ.

ಕಾಲು ಮುಟ್ಟಿದ ತಂಗಿಗೆ ನಾನು ಏನು ಹೇಳಿದೆ ಗೊತ್ತೆ? "ಇರ್ಲಿ ಏಳವಾ" ಅಂದೆ. ಹಿರಿಯರು ಆಶೀರ್ವಾದ ಮಾಡುವಾಗ ಅನ್ನುತ್ತಾರಲ್ಲ, ಅದೇ ದನಿಯಲ್ಲಿ.

ವಾರವಾರ ಈ ಅಂಕಣ ಓದುವ ನಿಮಗೆ ನನ್ನ ಕಥೆ ಗೊತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ರೋಣದ ಕಡೆಯಿಂದ ಬಂದು ಪೀಣ್ಯದಲ್ಲಿ ಖಾನಾವಳಿ ಇಟ್ಟವಳು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಪುಡಿ. ಊಟಕ್ಕೆ ಬರುತ್ತಿದ್ದ ಈ ಪತ್ರಿಕೆಯ ಸಂಪಾದಕರು "ನೀವು ಮಾತಾಡೋದನ್ನೇ ಬರೆದುಕೊಡಿ" ಅಂದರು, ಬರೆದೆ. (ಕಾಗುಣಿತ ಅವರು ತಿದ್ದುತ್ತಾರೆ. ಈ ವಾರ ಅದೊಂದನ್ನು ಬಿಟ್ಟು ಏನನ್ನೂ ತಿದ್ದಬೇಡಿ ಎಂದು ಕೇಳಿಕೊಂಡಿದ್ದೇನೆ.)

ಖಾನಾವಳಿಗೂ ಮೊದಲು ನಾನು ಕಾಡುಗೋಡಿಯಲ್ಲಿ ರೂಮು ಹಿಡಿದು, ಕುಂದಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆಗೆ ಹೋಗುತ್ತಿದ್ದೆ. ಆ ಮನೆಯಲ್ಲೊಂದು ಎಳೆಗೂಸು. ಫ್ರಿಜ್ ಬಾಗಿಲಿಗೆ ಇಂಗ್ಲಿಷಿನ ಒಂದು ಪಟ್ಟಿ. ವರ್ಷ ತುಂಬುವವರೆಗೆ ಮಗುವಿಗೆ ಏನೇನು ಕೊಡಬಾರದು ಅಂತ. ಶೇಂಗಾ, ಮೊಟ್ಟೆ, ಮೀನು. ಮೇಡಂ ಒಂದು ಸಲ ಓದಿ ಹೇಳಿದರು, ನಾನು ಬಾಯಿಪಾಠ ಮಾಡಿಕೊಂಡೆ. ಅಲರ್ಜಿ ಅನ್ನುವ ಮಾತು ಕಲಿತದ್ದು ಅಲ್ಲೇ. ಎಂಥ ಮಾತು ಅದು! ನಮ್ಮ ಓಣಿಯಲ್ಲಿ ಅದನ್ನು ಅಂದರೆ ಸಾಕು, ಡಿಗ್ರಿ ಮಾಡಿದವರೂ ಸುಮ್ಮನಾಗಿ ಕೇಳುತ್ತಿದ್ದರು.

ನನ್ನ ಮಾತನ್ನು ಅದಕ್ಕೂ ಮೊದಲು ಯಾರು ಸುಮ್ಮನಾಗಿ ಕೇಳಿದ್ದರು?

ಸಮರ್ಥನಿಗೆ ಆರು ತಿಂಗಳು ತುಂಬಿದಾಗ ಅವ್ವ ಊರಿಂದ ಶೈಲಾಳ ಮನೆಗೆ ಬಂದಳು. ಹಾಲು ಕುಡಿಯುವ ಕೂಸಿಗೆ ಊಟದ ರುಚಿ ಹತ್ತಿಸುವುದು ನಮ್ಮ ಮನೆಯಲ್ಲಿ ಅವಳದೇ ಕೆಲಸ. ಶೇಂಗಾ ಹುರಿದು, ಸಿಪ್ಪೆ ಊದಿ, ಬೆಲ್ಲದ ಜೊತೆ ನುಣ್ಣಗೆ ಅರೆದು, ಬಿಸಿನೀರಿನಲ್ಲಿ ತೆಳ್ಳಗೆ ಕಲಸಿ, ಬೆರಳ ತುದಿಯಿಂದ ನೆಕ್ಕಿಸುತ್ತಿದ್ದಳು. ನಮ್ಮಿಬ್ಬರಿಗೂ ಹಾಗೇ ನೆಕ್ಕಿಸಿದ್ದಳಂತೆ. ಬಟ್ಟಲು ಹಿಡಿದು ಕೂತವಳ ಕೈಯಿಂದ ನಾನು ಅದನ್ನು ಕಸಿದುಕೊಂಡೆ.

"ಯವ್ವಾ, ನಿನಗ ತಿಳಿಯಂಗಿಲ್ಲ. ಅಲರ್ಜಿ ಆಕ್ಕೈತಿ. ದೊಡ್ಡ ದೊಡ್ಡ ಡಾಕ್ಟರ್ ಬರದಾರ."

"ಆ ನಿನ್ನ ಡಾಕ್ಟರ್ ಏನ ತಿಂದು ದೊಡ್ಡಾವ ಆದ ಕೇಳು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಟ್ಟಲನ್ನು ಬಚ್ಚಲಿಗೆ ಸುರಿದೆ. ಶೈಲಾಗೂ ಶೇಂಗಾ ತಿನ್ನುವುದನ್ನು ಬಿಡಿಸಿದೆ, ಮೊಲೆಹಾಲಿನಲ್ಲಿ ಇಳಿಯುತ್ತದೆ ಅಂತ. (ಅದು ಪಟ್ಟಿಯಲ್ಲಿ ಇತ್ತೆ? ಇರಲಿಲ್ಲ.) ಎಲ್ಲ ಪಲ್ಯಕ್ಕೂ ಶೇಂಗಾ ಪುಡಿ ಬೀಳುವ ಮನೆಯಲ್ಲಿ ಆ ಹುಡುಗಿ ವರ್ಷಗಟ್ಟಲೆ ರೊಟ್ಟಿಗೆ ಮಜ್ಜಿಗೆ, ಉಳ್ಳಾಗಡ್ಡಿ ಹಚ್ಚಿಕೊಂಡು ತಿಂದಳು. ಅವ್ವ ಮರುದಿನ ಊರಿಗೆ ಹೋದಳು. ಹೋದ ವರ್ಷ ತೀರಿಕೊಂಡಳು.

ಸಮರ್ಥನಿಗೆ ವರ್ಷ ತುಂಬಿತು. ಶೈಲಾ ಕೇಳಿದಳು, "ಈಗ ಕೊಡ್ಲೇನು ಯಕ್ಕಾ?" ನಾನು "ಏನ್ ಅವಸರ, ಎರಡ ತುಂಬಲಿ" ಅಂದೆ. ಎರಡು ತುಂಬಿತು. "ಮೂರ ಆಗಲಿ ತಡಿ" ಅಂದೆ. ಪಟ್ಟಿಯಲ್ಲಿದ್ದದ್ದು ಒಂದೇ ವರ್ಷ. ಮಿಕ್ಕ ಎರಡು ವರ್ಷ ನನ್ನವು. ಯಾಕೆ ಹಾಗೆ ಅಂದೆ? ನಾನು ಅಂದದ್ದನ್ನು ಅವಳು ಕೇಳುತ್ತಿದ್ದಳು, ಅದಕ್ಕೆ.

ಆಸ್ಪತ್ರೆಯಿಂದ ಬಂದ ಮೇಲೆ ಓಣಿಯ ತುಂಬ ನನ್ನದೇ ಸುದ್ದಿ. ಎದುರು ಮನೆಯ ಮಂಜುಳಾ ಶೈಲಾಗೆ "ನಿಮ್ಮಕ್ಕ ಡಾಕ್ಟ್ರೇ ಆಗ್ಬೇಕಿತ್ತು ಬಿಡ್ರೀ, ಮೂರು ವರ್ಷ ಮುಂಚೆನೇ ಹೇಳಿದ್ರಲ್ಲಾ" ಅಂದಳು. ನಾನು ಬೇಡ ಅನ್ನಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು, ಆ ವಾರ ಇದೇ ಅಂಕಣದಲ್ಲಿ ಅದನ್ನೇ ಬರೆದೆ. ನಿಮಗೆ ನೆನಪಿರಬಹುದು. ಚಿಕ್ಕ ಮಕ್ಕಳಿರುವವರು ಶೇಂಗಾವನ್ನು ಮನೆಯಿಂದ ದೂರ ಇಡಿ ಎಂದು ಬುದ್ಧಿ ಹೇಳಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿ "ಒಳ್ಳೇ ಮಾಹಿತಿ ಮೇಡಂ" ಅಂದಿರಿ.

ಮೂರು ವಾರದ ನಂತರ ಹುಡುಗನನ್ನು ತೋರಿಸಲು ಜಾಲಹಳ್ಳಿ ಕಡೆಯ ಒಬ್ಬ ಮಕ್ಕಳ ಡಾಕ್ಟರ ಬಳಿ ಹೋದೆವು. ಶೈಲಾ ಜೊತೆ ಅವಳ ಎರಡನೆಯದೂ ಇತ್ತು, ಐದು ತಿಂಗಳ ಹೆಣ್ಣು ಕೂಸು. ಅದು ಅಳತೊಡಗಿದ್ದರಿಂದ ಶೈಲಾ ಹಾಲು ಕುಡಿಸಲು ಹೊರಗೆ ಹೋದಳು. ಸಮರ್ಥನೂ ಅವಳ ಸೆರಗು ಹಿಡಿದು ಹೋದ. ಒಳಗೆ ನಾನು, ಡಾಕ್ಟರು.

"ಇವನಿಗೆ ಮೊದಲ ಸಲ ಕಡ್ಲೇಕಾಯಿ ಯಾವಾಗ ಕೊಟ್ರಿ?"

"ಕೊಟ್ಟೇ ಇರಲಿಲ್ಲ ಸರ್. ನಾನೇ ಬೇಡ ಅಂದಿದ್ದೆ" ಅಂದೆ. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಿಮ್ಮಾ, ನಾವೂ ಹಾಗೇ ಹೇಳ್ತಿದ್ವಿ. ಈಗ ಹೇಳಲ್ಲ. ತಡ ಮಾಡಿದ್ರೆ ಅಲರ್ಜಿ ಕಮ್ಮಿ ಆಗಲ್ಲ, ಜಾಸ್ತಿನೇ ಆಗ್ಬಹುದು ಅಂತ ಈಗ ಗೊತ್ತಾಗಿದೆ. ಎದೆಹಾಲು ನಡೀತಿರುವಾಗ್ಲೇ, ಆರು ತಿಂಗಳ ಹೊತ್ತಿಗೆ, ನುಣ್ಣಗೆ ಅರೆದು ತೆಳ್ಳಗೆ ಮಾಡಿ ಒಂಚೂರು ಶುರು ಮಾಡಿ ಅಂತೀವಿ. ಬೀಜ ಇಡೀದಾಗಿ ಅಲ್ಲ, ಗಂಟಲಿಗೆ ಸಿಕ್ಕೊಳುತ್ತೆ."

ನನಗೆ ಅವ್ವನ ಬಟ್ಟಲು ಕಾಣಿಸಿತು.

ಅವರು ಬಿಡಲಿಲ್ಲ. ಚಿಕ್ಕವನಿದ್ದಾಗ ಚರ್ಮ ಹೇಗಿತ್ತು ಎಂದು ಕೇಳಿದರು. ಕೆನ್ನೆ, ಮೊಣಕೈ ಸಂದು ಎಲ್ಲ ಕೆಂಪಗೆ ಒಡೆದು ನೀರು ಸೋರುತ್ತಿತ್ತು, ಉಷ್ಣ ಅಂದುಕೊಂಡಿದ್ದೆವು, ದಿನಾ ನಾನೇ ಕೊಬ್ಬರಿಎಣ್ಣೆ ಹಚ್ಚುತ್ತಿದ್ದೆ ಅಂದೆ. ನಿಮ್ಮ ಕೆಲಸ ಏನು ಅಂದರು. ಚಟ್ನಿಪುಡಿ ಕುಟ್ಟುವುದು ಅಂದೆ.

"ಬಾಯಿಂದ ಹೋದ್ರೆ ಮೈ ಅದನ್ನ ಊಟ ಅಂತ ಗುರುತು ಹಿಡಿಯುತ್ತೆ. ಒಡೆದ ಚರ್ಮದಿಂದ ಹೋದ್ರೆ ಶತ್ರು ಅಂದ್ಕೊಳ್ಳುತ್ತೆ ಅಂತಾರೆ. ನಿಮ್ಮ ಹುಡುಗನಿಗೆ ಅದರಿಂದಲೇ ಆಯ್ತು ಅಂತ ನಾನು ಹೇಳಲ್ಲಮ್ಮಾ. ಯಾರೂ ಹೇಳಕ್ಕಾಗಲ್ಲ."

ಯಾರೂ ಹೇಳಲಾಗದು. ಸರಿ. ಆದರೆ ದಿನಕ್ಕೆ ಎರಡು ಕಿಲೊ ಶೇಂಗಾ ಕುಟ್ಟಿದ ಕೈಯನ್ನು ಸೆರಗಿಗೆ ಒರೆಸಿ ಕೂಸನ್ನು ಎತ್ತಿಕೊಳ್ಳುತ್ತಿದ್ದವಳು ನಾನು. ಅದರ ಬಾಯಿಗೆ ಬೀಳದಂತೆ ಕಾವಲು ಕೂತು, ಗಾಯಕ್ಕೆ ಸವರಿದವಳು ನಾನು.

"ಆ ಚಿಕ್ಕ ಮಗುಗೂ ಕೆನ್ನೆ ಮೇಲೆ ಅದೇ ಶುರುವಾಗಿದೆ, ನೋಡ್ದೆ" ಅಂದರು ಡಾಕ್ಟರು. "ಅಂಥವಕ್ಕೆ ಮನೇಲಿ ನೀವೇ ಕೊಡಕ್ಕೆ ಹೋಗ್ಬೇಡಿ. ಮೊದಲು ಇಲ್ಲಿ ಟೆಸ್ಟ್ ಮಾಡ್ಬೇಕು. ನಿಮ್ಮ ತಂಗಿಗೆ ಹೇಳಿ ಬೇಗ ಕರ್ಕೊಂಡು ಬನ್ನಿ. ದಿನ ಹೋದಷ್ಟೂ ಕಷ್ಟ."

ಆಟೊದಲ್ಲಿ ಶೈಲಾ ಕೇಳಿದಳು, "ಏನಂದ್ರು?"

"ಹುಷಾರ್ ಅಂದ್ರು" ಅಂದೆ.

ಹದಿನೈದು ದಿನ ಸುಮ್ಮನಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ. ಕೂಸಿಗೆ ಆರು ತಿಂಗಳು ತುಂಬುತ್ತಾ ಬಂತು. ಒಂದು ಮಧ್ಯಾಹ್ನ ಅವರ ಮನೆಗೆ ಹೋದಾಗ ಶೈಲಾ ಅದಕ್ಕೆ ಬಾಳೆಹಣ್ಣು ಕಿವುಚುತ್ತಾ ಕೂತಿದ್ದಳು.

"ಇಕಿಗೆ ಮೂರಲ್ಲ ಯಕ್ಕಾ, ಐದು ವರ್ಷ ಶೇಂಗಾದ ಹೆಸರ ಎತ್ತೂದಿಲ್ಲ. ನೀ ಇದ್ದಿ, ನಮ್ಮ ಸಮರ್ಥ ಉಳದ."

ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಪಟ್ಟಿ, ನಾನೇ ಸುಳ್ಳಾಗಿ ಸೇರಿಸಿದ ಎರಡು ವರ್ಷ, ಕೈ, ಡಾಕ್ಟರು ಹೇಳಿದ್ದು. ಅವಳು ಬಾಳೆಹಣ್ಣು ಕಿವುಚುತ್ತಲೇ ಇದ್ದಳು. ಅದು ನೀರಾಗಿತ್ತು.

"ತಿಳೀದೇ ಹೇಳೀದಿ, ಇರ್ಲಿ" ಅಂದಳು ಕೊನೆಗೆ. "ನಾನೂ ತಿಳೀದೇ ಕೇಳಿದ್ನಿ. ತಿಳಿದ ಮ್ಯಾಲ ಹದಿನೈದ ದಿನ ಯಾಕ ಸುಮ್ಮ ಕುಂತಿ?"

"ನೀ ನನ್ನ ಕಾಲ ಮುಟ್ಟಿದ್ದಿಯಲ್ಲ ಶೈಲಾ."

ಅವಳು ನನ್ನನ್ನು ಒಮ್ಮೆ ನೋಡಿದಳು. "ಅದಕ್ಕ?" ಅಂದಳು. ಅಷ್ಟೇ. ಎದ್ದು ಕೂಸಿನ ಬಾಯಿ ಒರೆಸಿದಳು. ನಾನು ಎತ್ತಿಕೊಳ್ಳಲು ಕೈ ಚಾಚಿದರೆ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

ಈಗ ಸಮರ್ಥ ಖಾನಾವಳಿಯ ಒಳಗೆ ಬರುವಂತಿಲ್ಲ. ರಸ್ತೆಯ ಆ ಬದಿ ನಿಂತು "ದೊಡ್ಡವ್ವಾ" ಅಂತ ಕೂಗುತ್ತಾನೆ. ನಾನು ಈ ಬದಿಯಿಂದ ಕೈ ಬೀಸುತ್ತೇನೆ. ಸ್ನಾನ ಮಾಡಿ, ಸೀರೆ ಬದಲಿಸಿ ಹೋಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಹಾಗೆಯೇ ಹೋಗಿಯೂ ನೋಡಿದೆ. ಶೈಲಾ ಬಾಗಿಲಲ್ಲೇ ಚಹಾ ಕೊಟ್ಟಳು.

ನಿಮಗೆ ನಾನು ಹೇಳಬೇಕಾದದ್ದು ಇಷ್ಟೇ. ಹಿಂದೆ ಇಲ್ಲಿ ಬರೆದದ್ದು ತಪ್ಪು. ಊಟದ ರುಚಿ ಹತ್ತಿಸುವ ವಯಸ್ಸಿನ ಕೂಸು ಮನೆಯಲ್ಲಿದ್ದರೆ, ಶೇಂಗಾ ಆಗಲಿ ಮೊಟ್ಟೆ ಆಗಲಿ, ನನ್ನ ಮಾತು ಕೇಳಿ ನಿಲ್ಲಿಸಬೇಡಿ. ನನ್ನ ಮಾತು ಕೇಳಿ ಶುರುವನ್ನೂ ಮಾಡಬೇಡಿ. ಚರ್ಮ ಒಡೆದ ಕೂಸಾದರಂತೂ ಮೊದಲು ಡಾಕ್ಟರು. ಖಾನಾವಳಿಯವಳಲ್ಲ.

ನಿನ್ನೆ ಶೈಲಾಳ ಗಂಡ ಬಸವರಾಜ ಫೋನ್ ಮಾಡಿದ್ದ. ಅವನ ಕಾರ್ಖಾನೆಯ ಲೇತ್ ಮಷೀನಿನ ಸದ್ದಿನಲ್ಲಿ ಅರ್ಧ ಕೇಳಿಸಿತು. ಮೊನ್ನೆ ಕೂಸನ್ನು ಟೆಸ್ಟಿಗೆ ಒಯ್ದಿದ್ದರಂತೆ. ಡಾಕ್ಟರೇ ಎದುರು ನಿಂತು ಶೇಂಗಾ ಅರೆದದ್ದನ್ನು ಚಮಚದ ತುದಿಯಲ್ಲಿ ನೆಕ್ಕಿಸಿ, ಎರಡು ತಾಸು ಕೂಡಿಸಿಕೊಂಡರಂತೆ. ಏನೂ ಆಗಲಿಲ್ಲವಂತೆ. ಕೂಸು ಇನ್ನಷ್ಟು ಬೇಕು ಅಂತ ಚಮಚ ಹಿಡಿದು ಅತ್ತಿತಂತೆ.

ನನ್ನನ್ನು ಕರೆದಿರಲಿಲ್ಲ. ನೀವೇ ಹೇಳಿ, ಯಾಕೆ ಕರೆಯಬೇಕು?