ಎಲ್ಫೇಜನ ಹೊಸ ಸಿಲಿಂಡರ್

ಎಲ್ಫೇಜ್ ನಾಕೆನ್ ನನ್ನ ಅಕ್ಕನ ಗಂಡ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವೂ ಕಂಡಿರಬಹುದು. ಇವನು ಕಲ್ಲು ಸಿಗದಿದ್ದರೆ ಅದನ್ನು ಕದ್ದವರಾರು ಎಂದು ಕೇಳುವ ಪೈಕಿ.

ಲೂಸಿಯಾನಾದ ನಮ್ಮ ಹಿನ್ನೀರಿನಲ್ಲಿ ಅವನು ನಲವತ್ತು ವರ್ಷ ಸಿಗಡಿ ದೋಣಿ ನಡೆಸಿದ. ಯಾರಾದರೂ ಬಿಚ್ಚಿ ಮತ್ತೆ ಕಟ್ಟಿದರೆ ಗೊತ್ತಾಗಲಿ ಎಂದು ದೋಣಿಯ ಹಗ್ಗಕ್ಕೆ ತಾನೇ ಕಂಡುಹಿಡಿದ ಒಂದು ಗಂಟು ಹಾಕುತ್ತಿದ್ದ. ಅಡುಗೆಮನೆಯ ಕಾಫಿ ಡಬ್ಬಿಯ ಒಳಗೆ, ಪುಡಿ ಎಲ್ಲಿಯವರೆಗಿದೆ ಎಂದು ಪೆನ್ಸಿಲ್ ಗೆರೆ ಎಳೆದಿಡುತ್ತಿದ್ದ. ಆ ಮನೆಯಲ್ಲಿ ಇದ್ದದ್ದು ಅವನು, ನನ್ನ ಅಕ್ಕ ಲವೀನಿಯಾ ಮತ್ತು ಮಗಳು ಎರ್ಲೀನ್, ಮೂರೇ ಜನ. ಅಕ್ಕ ಆ ಗೆರೆಯ ಜೊತೆ ಮೂವತ್ತೆಂಟು ವರ್ಷ ಬಾಳಿ, ನಗುನಗುತ್ತಲೇ ತೀರಿಕೊಂಡಳು. ನನಗೆ ಮಾತ್ರ ಅದು ಕಣ್ಣಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತಿತ್ತು.

ಕಳೆದ ವಸಂತದಲ್ಲಿ ಎರ್ಲೀನ್‌ಗೆ ಮದುವೆ ಗೊತ್ತಾಯಿತು. ಹುಡುಗ ಡ್ಯೂಯಿ, ಸಮುದ್ರದ ನಡುವಿನ ತೈಲಬಾವಿಯಲ್ಲಿ ಗ್ಯಾಸ್ ಪೈಪುಗಳ ಕೆಲಸದವನು. ಮಾತು ಕಡಿಮೆ. ಎಲ್ಫೇಜನಿಗೆ ಅದೇ ಸಾಕಾಯಿತು. "ಮಾತಾಡದವನು ಏನೋ ಮುಚ್ಚಿಡ್ತಿದ್ದಾನೆ ಅಂತ್ಲೇ ಲೆಕ್ಕ, ಓಜಿಟ್," ಎಂದ ನನ್ನ ಹತ್ತಿರ.

"ನೀನು ಬಾಯಿ ತೆರೆಯೋಕೆ ಬಿಟ್ರೆ ತಾನೇ ಅವನು ಮಾತಾಡೋದು?" ಎಂದೆ.

ಎರ್ಲೀನ್ ಮಾತ್ರ ತಾಯಿಯ ಹಾಗೆ ನಗುವವಳಲ್ಲ. ಗುಡ್ ಫ್ರೈಡೇಗೆ ಎರಡು ದಿನ ಮುಂಚೆ, ನನ್ನ ಎದುರಿಗೇ ಅಪ್ಪನಿಗೆ ಹೇಳಿಬಿಟ್ಟಳು: "ಅಪ್ಪ, ನನ್ನ ಮದುವೆ ಈ ಅಂಗಳದಲ್ಲೇ ಆಗ್ಲಿ ಅಂತ ಆಸೆ ನಂಗೆ. ಆದ್ರೆ ಶುಕ್ರವಾರ ಡ್ಯೂಯಿ ಊಟಕ್ಕೆ ಬಂದಾಗ ನೀನು ಅವನ ಮೇಲೆ ಅನುಮಾನದ ಒಂದೇ ಒಂದು ಮಾತಾಡಿದ್ರೂ ಮದುವೆ ಅವರೂರಲ್ಲಿ. ನಿನ್ನ ಕರೆಯೋದೂ ಇಲ್ಲ."

ಎಲ್ಫೇಜ್ ಬಿಳಿಚಿಕೊಂಡ. "ಆಡಲ್ಲ ಬಿಡು," ಎಂದ.

ಗುಡ್ ಫ್ರೈಡೇ ದಿನ ನಮ್ಮಲ್ಲಿ ಯಾರೂ ಮಣ್ಣಿಗೆ ಸಲಿಕೆ ತಾಗಿಸುವುದಿಲ್ಲ, ಮಾಂಸ ಮುಟ್ಟುವುದಿಲ್ಲ; ಸಿಗಡಿ ಮಾತ್ರ ಮೀನಿನ ಲೆಕ್ಕ. ಮೂರು ಗಂಟೆಯ ಪ್ರಾರ್ಥನೆಯವರೆಗೆ ಉಪವಾಸ. ಆಮೇಲೆ ಅಂಗಳದಲ್ಲಿ ಗ್ಯಾಸ್ ಒಲೆಯ ಮೇಲೆ ದೊಡ್ಡ ಹಂಡೆ ಇಟ್ಟು, ಕೆಸರು ನೀರಿನಲ್ಲಿ ಬೆಳೆಯುವ ಸಿಗಡಿಗಳನ್ನು ಜೀವಂತವಾಗಿಯೇ ಖಾರದ ನೀರಿನಲ್ಲಿ ಬೇಯಿಸಿ, ಹಳೆಯ ಪೇಪರು ಹಾಸಿದ ಮೇಜಿನ ಮೇಲೆ ಸುರಿದು ತಿನ್ನುವುದು. ಹಂಡೆಗೆ ಬೀಳುವ ಮುಂಚೆ ಸತ್ತ ಸಿಗಡಿಯನ್ನು ಯಾರೂ ತಿನ್ನುವುದಿಲ್ಲ, ಹಾಗಾಗಿ ತಡಮಾಡುವಂತಿಲ್ಲ.

ಎಲ್ಫೇಜನ ಹಳೆಯ ಪ್ರೋಪೇನ್ ಸಿಲಿಂಡರ್ ತುಕ್ಕು ಹಿಡಿದಿತ್ತು. ಅದಕ್ಕೆ ಗ್ಯಾಸ್ ತುಂಬಲು ಅಂಗಡಿಯವರು ಒಪ್ಪಲಿಲ್ಲ. ಆ ಶುಕ್ರವಾರ ಡ್ಯೂಯಿ ಹೊಸ ಸಿಲಿಂಡರನ್ನೂ ಹೊಸ ಕೊಳವೆಯನ್ನೂ ತಂದುಕೊಟ್ಟ.

ಸಿಲಿಂಡರ್ ತೆರೆಯುವುದರಲ್ಲೂ ಎಲ್ಫೇಜನದು ಬೇರೆಯೇ ಪದ್ಧತಿ. ಮೊದಲು ಕೊಳವೆಯ ತಿರುಗಣೆಯನ್ನು ಪೂರ್ತಿ ಬಿಡುತ್ತಿದ್ದ, ಆಮೇಲೆ ಸಿಲಿಂಡರಿನ ತಿರುಗಣೆಯನ್ನು ಒಂದೇ ಏಟಿಗೆ ತಿರುಗಿಸುತ್ತಿದ್ದ. "ಬುಸ್ ಅಂತ ಬಂದ್ರೆ ತುಂಬಿದೆ, ಬರ್ದಿದ್ರೆ ಅಂಗಡಿಯವನು ಟೋಪಿ ಹಾಕಿದ್ದಾನೆ," ಎಂಬುದು ಅವನ ಸಿದ್ಧಾಂತ. ಹಳೆಯ ಸಿಲಿಂಡರ್ ವರ್ಷಗಟ್ಟಲೆ ಬುಸ್ಸೆಂದಿತ್ತು. ಹೊಸದು ಚಿಕ್ಕದೊಂದು 'ಟಕ್' ಎಂದು ಸುಮ್ಮನಾಯಿತು. ಕಡ್ಡಿ ಗೀರಿದರೆ ಬೆರಳ ಉಗುರಿನಷ್ಟು ನೀಲಿ ಉರಿ ಬಂದು ಆರಿತು.

ಕೊಳವೆಯ ಸಂದುಗಳಿಗೆ ಸೋಪಿನ ನೀರು ಸವರಿದ. ಒಂದು ಗುಳ್ಳೆಯೂ ಏಳಲಿಲ್ಲ. ಕೊಳವೆ ಬಿಚ್ಚಿ, ಸಿಲಿಂಡರನ್ನು ಮೀನಿನ ತಕ್ಕಡಿಗೆ ತೂಗುಹಾಕಿದ. ತೂಕ ಸರಿಯಾಗಿತ್ತು. ನನ್ನ ಕಿವಿಯ ಹತ್ತಿರ ಬಂದು, "ತೂಕಕ್ಕೆ ಅಂತ ನೀರು ತುಂಬಿಸಿರಬಹುದಲ್ವಾ?" ಎಂದ.

"ನೀರು ತುಂಬಿರೋದು ನಿನ್ನ ತಲೇಲಿ. ಮೆಲ್ಲಗೆ ಮಾತಾಡು, ಮಗಳಿಗೆ ಕೇಳಿಸುತ್ತೆ."

ಮತ್ತೆ ಕೊಳವೆ ಸಿಕ್ಕಿಸಿ ಮತ್ತೆ ಒಂದೇ ಏಟಿಗೆ ತಿರುಗಿಸಿದ. ಮತ್ತೆ 'ಟಕ್'. ಹೀಗೇ ಒಂದು ಗಂಟೆ ಕಳೆಯಿತು. ನೆರಳಿನಲ್ಲಿದ್ದ ಸಿಗಡಿ ಚೀಲದೊಳಗಿನ ಸರಸರ ಸದ್ದು ಕಡಿಮೆಯಾಗುತ್ತಿತ್ತು. ಎರ್ಲೀನ್ ಸತ್ತವನ್ನು ಆರಿಸಿ ಹುಲ್ಲಿನ ಮೇಲೆ ಎಸೆಯುತ್ತಿದ್ದಳು. ಬೆಳಗಿನಿಂದ ಹಸಿದು ಊಟಕ್ಕೆ ಬಂದಿದ್ದ ನೆರೆಯವರು ಬಿಸ್ಕತ್ತು ಹುಡುಕತೊಡಗಿದರು.

ಡ್ಯೂಯಿ ಐಸ್ ಪೆಟ್ಟಿಗೆಯ ಮೇಲೆ ಕುಳಿತು ಸಿಲಿಂಡರಿನ ತಿರುಗಣೆಯನ್ನೇ ನೋಡುತ್ತಿದ್ದ. ಎರಡು ಸಲ ಏಳಲು ಹೊರಟು ಕುಳಿತ. ಎಲ್ಫೇಜ್ ಅದನ್ನು ಕಂಡುಬಿಟ್ಟ.

"ನೋಡಿ ಅವನನ್ನ!" ಎಂದು ಕೂಗಿದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಚಡಪಡಿಸ್ತಾ ಇದ್ದಾನೆ. ಇದಕ್ಕೇನೋ ಮಾಡಿದೀಯ ನೀನು! ನನ್ನ ಮನೆ ಬಾಗಿಲಲ್ಲೇ ನನ್ನ ಮರ್ಯಾದೆ ತೆಗೀಬೇಕಿತ್ತು ನಿಂಗೆ!"

ಎರ್ಲೀನ್ ಕೈ ಒರೆಸಿಕೊಂಡು ಕಾರಿನ ಕೀ ತೆಗೆದುಕೊಂಡಳು. "ನಡಿ ಡ್ಯೂಯಿ," ಎಂದಳು. ಅಳಲಿಲ್ಲ, ಬೈಯಲಿಲ್ಲ.

ಡ್ಯೂಯಿ ಎದ್ದು ನಿಂತ. "ಸಿಲಿಂಡರ್ ಕೆಟ್ಟಿಲ್ಲ ಮಾವ. ಹೊಸದರಲ್ಲಿ ಒಂದು ಕಾವಲು ಇರುತ್ತೆ. ಒಮ್ಮೆಲೇ ತೆರೆದ್ರೆ ಪೈಪು ಒಡೆದಿದೆ ಅಂತ ತಿಳ್ಕೊಂಡು ಗ್ಯಾಸನ್ನ ತಡೆದುಬಿಡುತ್ತೆ. ಎರಡೂ ಕಡೆ ಮುಚ್ಚಿ, ಕೊಳವೆ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ತೆರೀಬೇಕು, ಅಷ್ಟೇ. ಮೊದಲನೇ ಸಲಕ್ಕೇ ಗೊತ್ತಾಯ್ತು ನಂಗೆ."

"ಒಂದು ಗಂಟೆಯಿಂದ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಯಾಕೆ?"

"ನಾನು ಮುಟ್ಟಿ ಅದು ಹತ್ತಿಕೊಂಡಿದ್ರೆ, ಮೊದಲು ಕೆಡಿಸಿದ್ದೂ ನಾನೇ ಅಂತಿದ್ರಿ ನೀವು."

ಎಲ್ಫೇಜ್ ನನ್ನ ಕಡೆ ತಿರುಗಿದ. "ಲವೀನಿಯಾನೂ ಹೀಗೇ ಬಾಯಿ ಮುಚ್ಕೊಂಡಿರ್ತಿದ್ಲಾ, ಓಜಿಟ್?"

ಸುಳ್ಳು ಹೇಳಬಹುದಿತ್ತು. ಅಷ್ಟು ವರ್ಷದ ಸಿಟ್ಟು ಬಿಡಲಿಲ್ಲ. "ಹೂಂ," ಎಂದೆ.

ಅವನು ಸಿಲಿಂಡರಿನ ಪಕ್ಕದ ಕುರ್ಚಿಯನ್ನು ಹಿಡಿದುಕೊಂಡ. "ಹೌದು," ಎಂದ, "ಅವನೇ ಕೆಡಿಸಿದ್ದು ಅಂತಿದ್ದೆ. ಖಂಡಿತ ಅಂತಿದ್ದೆ." ಆಮೇಲೆ ಡ್ಯೂಯಿಗೆ, "ನೀನೇ ಹಚ್ಚಪ್ಪ. ನಾನು ನೋಡಲ್ಲ," ಎಂದು ನೀರಿನ ಕಡೆಗೆ ಮುಖ ಮಾಡಿ ನಿಂತುಬಿಟ್ಟ.

ಬಲೆ ಬಿಚ್ಚುವಾಗಲೂ ಹಿಂದೆ ಮುಂದೆ ನೋಡುತ್ತಿದ್ದವನು ನಮಗೆಲ್ಲ ಬೆನ್ನು ಕೊಟ್ಟಿದ್ದ. ಕುತ್ತಿಗೆಯ ನರ ಬಿಗಿದಿತ್ತು. ತಿರುಗಣೆಗಳು ಮುಚ್ಚಿದ ಸದ್ದು, ಕೊಳವೆ ಬಿಚ್ಚಿದ ಸದ್ದು, ಮತ್ತೆ ಸಿಕ್ಕಿಸಿದ ಸದ್ದು. ಪ್ರತಿ ಸದ್ದಿಗೂ ಅವನ ಭುಜ ಅದುರಿತು, ಆದರೆ ತಿರುಗಿ ನೋಡಲಿಲ್ಲ. ಎರ್ಲೀನ್ ಕೀ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು.

ಹಂಡೆಯ ಕೆಳಗೆ ಬೆಂಕಿ ಭೋರೆಂದಿತು. ಅಷ್ಟು ದೊಡ್ಡ ಸದ್ದು ಕಿವುಡನಿಗೂ ಕೇಳಿಸಬೇಕು. ಆದರೂ ಎಲ್ಫೇಜ್ ಬೆನ್ನು ತಿರುಗಿಸಿಕೊಂಡೇ ಕೇಳಿದ, "ಹತ್ತಿತಾ, ಎರ್ಲೀನ್?"

ಅವಳು ಕೀಯನ್ನು ಮೇಜಿನ ಮೇಲಿಟ್ಟಳು. "ಹತ್ತಿತು ಅಪ್ಪ."

"ಸರಿ ಹಾಗಾದ್ರೆ," ಎಂದ. ಇನ್ನೊಬ್ಬರ ಬಾಯಿಮಾತನ್ನು ಎಲ್ಫೇಜ್ ನಾಕೆನ್ ನೋಡದೆ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.