ರೇಷ್ಮೆಯ ಬೆಟ್ಟಕ್ಕೆ ಇಟ್ಟ ಕುಂಕುಮ

ಅಕ್ಷರ ಕಲಿಸಿದ ಗುರುಗಳಿಗೂ, ದುಡುಕಿದ ಕೈಯನ್ನು ಸಕಾಲದಲ್ಲಿ ತಡೆದ ಭಗವಂತನಿಗೂ ಕೃತಜ್ಞತೆಯಿಂದ ನಮಿಸಿ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿದ್ದೆವು. ನಾನು ಅಲ್ಲಿನ ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದೆ. ನವರಾತ್ರಿಯ ಸಮಯಕ್ಕೆ ಪಕ್ಕದ ಮನೆಗೆ ಸುಣ್ಣ ಹೊಡೆಯುವವರು ಬಂದರು. ಆ ಮನೆಯಾಕೆ ನಮ್ಮ ಶಾಲೆಯ ಚಿತ್ರಕಲಾ ಅಧ್ಯಾಪಕಿ. ಪತಿಯನ್ನು ಕಳೆದುಕೊಂಡವರು. ಅವರು ಒಂದು ಸುರುಳಿಯನ್ನು ನನ್ನ ಕೈಗಿತ್ತರು. ಪತಿ ಕಲ್ಕತ್ತೆಯಲ್ಲಿದ್ದಾಗ ಚೀನೀ ಮಿತ್ರರೊಬ್ಬರು ಪ್ರೀತಿಯಿಂದ ಕೊಟ್ಟಿದ್ದ, ರೇಷ್ಮೆಯ ಮೇಲೆ ಬರೆದ ಹಳೆಯ ಬೆಟ್ಟದ ಚಿತ್ರ.

"ಅವರದು ಅಂತ ಉಳಿದಿರೋದು ಇದೊಂದೇ ಮೇಷ್ಟ್ರೇ. ಸುಣ್ಣ ಸಿಡಿದ್ರೆ ಹೋಯ್ತು. ನಿಮ್ಮ ಗೋಡೆ ಮೇಲಿರ್ಲಿ."

ಮಸಿಯ ಶಿಖರಗಳು, ನಡುವೆ ಏನನ್ನೂ ಬರೆಯದೆ ಬಿಟ್ಟ ರೇಷ್ಮೆಯೇ ಮಂಜು.

ಆಯುಧಪೂಜೆಯ ಬೆಳಿಗ್ಗೆ ಹೊಲಿಗೆ ಯಂತ್ರ, ರೇಡಿಯೋ, ಸೈಕಲ್ಲು, ಗ್ರಂಥಗಳು ಎಲ್ಲಕ್ಕೂ ಗಂಧ ಕುಂಕುಮವಿಡುತ್ತ ಚಿತ್ರದ ಬಳಿ ಬಂದೆ. ಅದರ ಮೂಲೆಯಲ್ಲೊಂದು ಕೆಂಪು ಗುರುತಿತ್ತು. ಹಿಂದಿನ ಪೂಜೆಯ ಕುಂಕುಮವೆಂದೇ ಬಗೆದೆ. ಕೈಲಾಸವನ್ನು ನೆನೆದು ಆ ಮಂಜಿಗೆ ಉಂಗುರದ ಬೆರಳನ್ನು ಒತ್ತಿದೆ. ಒದ್ದೆ ಗಂಧವನ್ನು ರೇಷ್ಮೆ ನೋಡನೋಡುತ್ತಲೇ ಹೀರಿತು.

"ಅಯ್ಯೋ, ಇದೇನ್ ಮಾಡ್ಬಿಟ್ರಿ! ಅದೇನು ದೇವ್ರ ಪಟಾನಾ? ತಡೀರಿ, ಒದ್ದೆ ಬಟ್ಟೆ ತರ್ತೀನಿ," ಎಂದಳು ನನ್ನ ಗೃಹಿಣಿ.

"ಬೇಡ ಕಣೇ, ಮುಟ್ಬೇಡ!"

ಎರಡು ದಿನ ಗೇಟು ಕಿರುಗುಟ್ಟಿದರೆ ಅಧ್ಯಾಪಕಿಯೇ ಬಂದರೆಂದು ಒಳಕೋಣೆ ಸೇರುತ್ತಿದ್ದೆ. ಜಪಕ್ಕೆ ಕುಳಿತರೂ ಕಣ್ಣ ಮುಂದೆ ಆ ಬೊಟ್ಟೇ.

"ಊರ ಮಕ್ಕಳಿಗೆಲ್ಲ ಧೈರ್ಯದ ಶ್ಲೋಕ ಹೇಳ್ಕೊಡ್ತೀರಿ. ಒಂದು ಬೊಟ್ಟಿಗೆ ಜ್ವರ ಬಂತಲ್ರೀ ನಿಮ್ಗೆ!" ಎಂದು ಆಕೆ ಚುಚ್ಚಿದಳು.

ಮೂರನೆಯ ದಿನ ನಾನೇ ಹೋಗಿ ಅಧ್ಯಾಪಕಿಯನ್ನು ಕರೆತಂದು ತೋರಿಸಿದೆ. ಅವರು ಬಾಗಿ ಬೊಟ್ಟನ್ನು ಹತ್ತಿರದಿಂದ ನೋಡಿದರು.

"ನೀರು ಮುಟ್ಟಿಸಿದ್ರಾ?"

"ಇಲ್ಲಮ್ಮ. ಹೆದರಿ ಹಾಗೇ ಬಿಟ್ಟೆ. ಮೂಲೇಲಿ ಆಗ್ಲೇ ಕುಂಕುಮ ಇದೆಯಲ್ಲ ಅಂತ ಇಟ್ಬಿಟ್ಟೆ."

"ಸದ್ಯ! ಒರೆಸಿದ್ರೆ ಮಸಿ ಎದ್ದು ಬೆಟ್ಟನೇ ಹೋಗ್ತಿತ್ತು. ಮೂಲೇಲಿರೋದು ಕುಂಕುಮ ಅಲ್ಲ ಮೇಷ್ಟ್ರೇ, ಬರೆದೋರ ಮುದ್ರೆ."

ಮೆತ್ತನೆಯ ಒಣ ಕುಂಚವೊಂದನ್ನು ತಂದು, ಉಸಿರು ಬಿಗಿಹಿಡಿದು ಕಣಕಣವಾಗಿ ಕುಂಕುಮವನ್ನು ಉದುರಿಸಿದರು. ನಾನು ಕೈಮುಗಿದೇ ನಿಂತಿದ್ದೆ. ಮಂಜಿನಲ್ಲಿ ಜೋಳದ ಕಾಳಿನಷ್ಟು ಗಂಧದ ಹಳದಿ ಉಳಿಯಿತು.

"ಇಷ್ಟು ಹೋಗಲ್ಲ. ಇರ್ಲಿ," ಎಂದರು, ನಗಲಿಲ್ಲ. ಅವರ ಮನೆಯ ಗೋಡೆಗಳಿನ್ನೂ ಹಸಿಯಾಗಿದ್ದವು. ಆದರೂ ಚಿತ್ರವನ್ನು ಆಗಲೇ ಸುತ್ತಿಕೊಂಡು ಹೋದರು.

ಆ ತಾಯಿಗೂ, ಅವರ ಪತಿಯ ಆತ್ಮಕ್ಕೂ, ಹೆಸರರಿಯದ ಚಿತ್ರಕಾರನಿಗೂ, ನನ್ನ ಭಯವನ್ನು ಸಹಿಸಿಕೊಂಡ ಗೃಹಿಣಿಗೂ ಪರಮಾತ್ಮನು ಶಾಂತಿಯನ್ನು ಕರುಣಿಸಲಿ.