ಅವ್ವನ ದವನ

ನಾಸಿಕದ ಮನೆ ಬಿಟ್ಟು ಬರುವಾಗ ಹಿತ್ತಲಿನ ಮಣ್ಣನ್ನು ಎರಡು ಚೀಲ ತುಂಬಿಕೊಂಡು ಬಂದೆ. ಯಜಮಾನರದು ಬ್ಯಾಂಕಿನ ಕೆಲಸ, ವರ್ಗಾವಣೆ ಹೊಸದಲ್ಲ. ಲಾರಿಗೆ ಮಣ್ಣು ಹೇರುವುದನ್ನು ನೋಡಿ, "ಸಂಭಾಜಿನಗರದಾಗ ಮಣ್ಣು ಸಿಗಂಗಿಲ್ಲೇನು?" ಎಂದರು. ಆ ಮಣ್ಣಿನಲ್ಲಿ ದವನದ ಬೀಜ ಉದುರಿತ್ತು. ಬೀದರಿನಿಂದ ಅವ್ವ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಬೀಜದ ಸಂತಾನ. ಅವ್ವ ಹೋದ ಮೇಲೆ ಅವಳದು ಅಂತ ನನ್ನಲ್ಲಿ ಉಳಿದದ್ದು ಅದೊಂದೇ. ಸೋಮವಾರ ಶಿವನಿಗೆ ಒಂದು ಕುಡಿ ಏರಿಸಿದರೆ ಅವಳ ಸೀರೆ ಪೆಟ್ಟಿಗೆ ತೆರೆದ ಹಾಗೆ ಮನೆ ಘಮ್ಮೆನ್ನುತ್ತಿತ್ತು.

ನಾಸಿಕದಲ್ಲಿದ್ದಾಗಲೇ ಕೊರೋನಾ ಬಂದು ಹೋದ ಮೇಲೆ ನನಗೆ ವಾಸನೆ ತಿಳಿಯುವುದು ನಿಂತಿತ್ತು. ಮರಳಿ ಬರಲೇ ಇಲ್ಲ. ಹಾಲು ಕೆಟ್ಟಿದೆಯೋ, ಗ್ಯಾಸ್ ಸೋರುತ್ತಿದೆಯೋ, ಎಲ್ಲಕ್ಕೂ ಯಜಮಾನರನ್ನೇ ಕರೆಯುತ್ತಿದ್ದೆ.

ಹೊಸ ಮನೆಯ ಹೂವಿನ ಪಾತಿಗೆ ಆ ಮಣ್ಣು ಸುರಿದೆ. ಮೊದಲ ಮಳೆಗೆ ಸಸಿ ಎದ್ದವು. ಸೀಳು ಸೀಳು ಎಲೆ, ಬೂದಿ ಬೆರೆತ ಹಸಿರು. ದವನವೋ ಬೇರೇನೋ. ಒಂದು ಎಲೆ ತಿಕ್ಕಿ ಯಜಮಾನರ ಮೂಗಿಗೆ ಹಿಡಿದೆ.

"ವಾಸನಿ ಬರ್ತದೇನ್ರಿ?"

"ಹೂಂ, ಬರ್ತದ. ದವನಾನೇ."

ಎರಡು ತಿಂಗಳು ಅಕ್ಕಿ ತೊಳೆದ ನೀರು ಹಾಕಿ ಬೆಳೆಸಿದೆ. ಸೋಮವಾರ ತಪ್ಪದೆ ಶಿವನಿಗೆ ಏರಿಸಿದೆ.

ಪಕ್ಕದ ಮನೆಯಾಕೆ ಗಂಗಾಪುರದ ಕಡೆಯ ಒಕ್ಕಲು ಮನೆಯವರು. ಕರಿಬೇವಿಗೆಂದು ಬಂದವರು ಪಾತಿಯ ಮುಂದೆ ನಿಂತುಬಿಟ್ಟರು. ದವನ, ಶಿವನಿಗೆ ಏರಿಸುತ್ತೇನೆ ಎಂದೆ. "ಅಹೋ ತಾಈ, ಹೇ ತರ ಗಾಜರ ಗವತ. ಪೂಜೆಲಾ ವಾಹತಾ ಕಾ?" ಗಾಜರ ಗವತ ಅಂದರೆ ನಮ್ಮ ಕಡೆ ಕಾಂಗ್ರೆಸ್ ಹುಲ್ಲು ಅನ್ನುತ್ತೇವಲ್ಲ, ಅದು. ಅದನ್ನು ಪೂಜೆಗೆ ಏರಿಸುತ್ತೀರಾ ಎಂದು ಕೇಳುತ್ತಿದ್ದರು. ವಾಳೂಜ್ ರಸ್ತೆಯ ಎರಡೂ ಬದಿಗೆ ಬೆಳೆದು ನಿಂತಿರುವುದು ಇದೇ ಎಂದರು. ಎಲೆ ತಿಕ್ಕಿ ಮೂಸಿ, ಇದರಲ್ಲಿ ದವನ ಎಲ್ಲಿದೆ ಎಂದು ನಕ್ಕರು.

ಸಂಜೆ ಯಜಮಾನರು ಚಹಾ ಮುಗಿಸುವವರೆಗೆ ಸುಮ್ಮನಿದ್ದು ಕೇಳಿದೆ. ಅವರು ಬಸಿಯನ್ನು ಕೆಳಗಿಟ್ಟರು.

"ನನಗೂ ಆವಾಗಿಂದ ವಾಸನಿ ಬರಂಗಿಲ್ಲ. ನೀ ಅಳಕೋತ ಕೂತಿದ್ದಿ. ಇಬ್ಬರದೂ ಹೋಗ್ಯಾದ ಅಂತ ಹ್ಯಾಂಗ ಹೇಳ್ಲಿ?"

"ಮತ್ತ ಹಾಲು?"

"ಕಾಸಿದ ಮ್ಯಾಲ ಒಡದ್ರ ಗೊತ್ತಾಗ್ತದಲ್ಲ."

"ಗ್ಯಾಸು?"

ಅವರು ಎದ್ದು ಅಡುಗೆಮನೆಗೆ ಹೋಗಿ ಸಿಲಿಂಡರ್ ಬಂದ್ ಮಾಡಿ ಬಂದರು.

ಮರುದಿನ ಬೆಳಿಗ್ಗೆ ಕುಳಿತು ಎಲ್ಲವನ್ನೂ ಕಿತ್ತೆ. ಕಿತ್ತು ಒಟ್ಟಿದ ಮೇಲೆ ನೋಡಿದರೆ ಎರಡು ಸಸಿ ಬೇರೆ ಥರ ಇದ್ದವು. ಎಲೆ ಇನ್ನೂ ಸಣ್ಣ, ಇನ್ನೂ ಬೂದು. ಬೇರು ಹರಿದುಹೋಗಿತ್ತು. ತಿಕ್ಕಿ ಮೂಸಿದೆ. ರೂಢಿ ನೋಡಿ, ಯಜಮಾನರ ಮುಂದೆಯೂ ಬೆರಳು ಚಾಚಿದೆ. ಅವರು ಮುಖ ತಿರುಗಿಸಿದರು.

ಪಕ್ಕದ ಮನೆಗೆ ಬೀಗ ಬಿದ್ದಿತ್ತು, ಊರಿಗೆ ಹೋಗಿದ್ದರು. ಸಸಿಗಳನ್ನು ಲೋಟದ ನೀರಿನಲ್ಲಿಟ್ಟು ಕಾದೆ. ಅವರು ಬರುವ ಹೊತ್ತಿಗೆ ಎಲೆ ಕಪ್ಪಾಗಿತ್ತು. ಲೋಟ ಮೂಸಿ ಮುಖ ಕಿವಿಚಿದರು. ಬರೀ ಕೊಳೆತ ನೀರಿನ ವಾಸನೆ ಅಂದರು.

ನನಗೆ ಅದೂ ಬರಲಿಲ್ಲ.